ಓಡಿಸಿದ ಮನೆತನವನ್ನೇ ಫಿಲಿಪೀನ್ಸಿನವರು ಮತ್ತೆ ಯಾಕೆ ಕರೆದು ಕೂರಿಸಿದರು?

ಹಡಗಿನ ಹುಡುಗ, ಅರಕಲಗೂಡು:

ಎಲ್ಲರಿಗೂ ನಮಸ್ಕಾರ. ಇದು ಕಾಫಿ ರೇಟಿನ ಪ್ರಶ್ನೆ ಅಲ್ಲ, ಮೊದಲೇ ಹೇಳಿಬಿಡುತ್ತೇನೆ, ಬೈಯಬೇಡಿ.

ನಾನು ಸರಕು ಹಡಗಿನ ಎಂಜಿನ್ ರೂಮಿನಲ್ಲಿ ಕೆಲಸ ಮಾಡುವವನು. ಈಗ ರಜೆಯಲ್ಲಿ ಊರಿಗೆ ಬಂದಿದ್ದೇನೆ. ಸಕಲೇಶಪುರದ ಹತ್ತಿರ ಮಾವನ ತೋಟದಲ್ಲಿ ಕೊಯ್ಲಿನ ಲೆಕ್ಕ ಬರೆಯುವ ಕೆಲಸ ನನ್ನ ತಲೆಗೆ ಕಟ್ಟಿದ್ದಾರೆ. ಸಂಜೆ ಸುಮ್ನೆ ಕೂತಾಗ ಹಡಗಿನ ಒಂದು ಜಗಳ ಪದೇ ಪದೇ ನೆನಪಾಗುತ್ತದೆ.

ನಮ್ಮ ಹಡಗಿನಲ್ಲಿ 21 ಜನ, ಅದರಲ್ಲಿ 13 ಜನ ಫಿಲಿಪೀನ್ಸಿನವರು. ಒಳ್ಳೆ ಜನ. ಅನ್ನ ಇಲ್ಲದಿದ್ದರೆ ಊಟ ಮಾಡಿದ ಹಾಗೇ ಆಗುವುದಿಲ್ಲ ಅನ್ನುವ ವಿಷಯದಲ್ಲಿ ನಮ್ಮ ಹಾಗೇ. ಹೋದ ಫೆಬ್ರವರಿ 25ರಂದು ಮನಿಲಾ ಕಡೆಯ ಅಡುಗೆಯವನು ಶಾವಿಗೆ ತರಹದ ಪನ್ಸಿಟ್ ಜಾಸ್ತಿ ಮಾಡಿ, "ಇವತ್ತು ನಾವು ಸರ್ವಾಧಿಕಾರಿಯನ್ನು ಓಡಿಸಿದ ದಿನ" ಅಂದ. ಎದುರು ಕೂತಿದ್ದ ಆಯಿಲರ್, ಅಂದರೆ ಎಂಜಿನ್ನಿಗೆ ಎಣ್ಣೆ ಹಾಕಿ ನೋಡಿಕೊಳ್ಳುವವನು, ಅವನು ಉತ್ತರದ ಇಲೋಕೋಸ್ ಕಡೆಯವನು, ತಟ್ಟೆ ಸರಿಸಿ ಎದ್ದೇಬಿಟ್ಟ. ಮಾರ್ಕೋಸ್ ಇದ್ದಾಗ ರಸ್ತೆ ಆಯಿತು, ಆಸ್ಪತ್ರೆ ಆಯಿತು, ನೀವು ಓಡಿಸಿದ ಮೇಲೆ ಏನಾಯಿತು, ನಾವೆಲ್ಲ ಹೊಟ್ಟೆಪಾಡಿಗೆ ಹಡಗು ಹತ್ತಿದೆವು ಅಂತ ಕೂಗಾಡಿದ. ಬೋಸನ್, ಅಂದರೆ ಡೆಕ್ ಕೆಲಸಗಾರರ ಮುಖ್ಯಸ್ಥ, ವಯಸ್ಸಾದವನು, ನೆಗ್ರೋಸ್ ದ್ವೀಪದವನು. ಅವನು ತಲೆ ಎತ್ತದೆ, "ನಮ್ಮಮ್ಮ ಆಗಲೂ ಕಬ್ಬು ಕಡಿಯುತ್ತಿದ್ದಳು, ಆಮೇಲೂ ಕಡಿದಳು" ಅಂದು ಊಟ ಮುಂದುವರಿಸಿದ. ಜೋಲೋ ದ್ವೀಪದ ಒಬ್ಬ ಫಿಟ್ಟರ್ ಇದ್ದಾನೆ, ಮುಸ್ಲಿಂ. ಅವನು ಬಾಯಿ ಬಿಡಲೇ ಇಲ್ಲ. ಆಮೇಲೆ ಡೆಕ್ ಮೇಲೆ ನನ್ನ ಹತ್ತಿರ, "ಆ ಜಗಳ ಅವರದ್ದು, ನಾನು ಪಾಸ್‌ಪೋರ್ಟಿನಲ್ಲಿ ಮಾತ್ರ ಫಿಲಿಪಿನೋ" ಅಂದ.

ನನಗೆ ತಲೆಬುಡ ಗೊತ್ತಾಗಲಿಲ್ಲ. ಹೆಸರು ನೋಡಿದರೆ ಸ್ಪೇನಿನವರದ್ದು, ಮಾತು ನೋಡಿದರೆ ಅಮೆರಿಕದ ಇಂಗ್ಲಿಷ್, ಮುಖ ನಮ್ಮ ಈಶಾನ್ಯದವರ ಹಾಗೆ. ಅವರವರಲ್ಲೇ ನಾಲ್ಕು ಭಾಷೆ. 1986ರಲ್ಲಿ ಲಕ್ಷಾಂತರ ಜನ ರಸ್ತೆಗಿಳಿದು ಓಡಿಸಿದ ಮಾರ್ಕೋಸನ ಮಗನನ್ನೇ 2022ರಲ್ಲಿ ಅಧ್ಯಕ್ಷನನ್ನಾಗಿ ಮಾಡಿದ್ದಾರೆ. ನೆಟ್ಟಿನಲ್ಲಿ ಇಸವಿಗಳೇನೋ ಸಿಗುತ್ತವೆ, ಯಾಕೆ ಅನ್ನುವುದು ಸಿಗುವುದಿಲ್ಲ. ಗೊತ್ತಿರುವವರು ಬಿಡಿಸಿ ಹೇಳಿ.


ಬೇಲೂರು ಮೇಷ್ಟ್ರು:

ಒಳ್ಳೆ ಪ್ರಶ್ನೆ ಕೇಳಿದ್ದೀರಿ. ನಾನು ರಿಟೈರ್ ಆದ ಹಿಸ್ಟರಿ ಮೇಷ್ಟ್ರು, ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ. ಹೆಸರಿನಿಂದ ಶುರು ಮಾಡುತ್ತೇನೆ, ಯಾಕೆಂದರೆ ಎಲ್ಲರೂ ಎಡವುವುದು ಅಲ್ಲೇ.

ಸ್ಪೇನಿನ ಹೆಸರಿದೆ ಅಂದರೆ ಸ್ಪೇನಿನ ರಕ್ತ ಅಂತ ಅಲ್ಲ. 1849ರಲ್ಲಿ ಕ್ಲಾವೆರಿಯಾ ಅನ್ನುವ ಗವರ್ನರ್ ಜನರಲ್ ಒಂದು ಆಜ್ಞೆ ಹೊರಡಿಸಿದ. ತೆರಿಗೆ ಲೆಕ್ಕಕ್ಕೆ ಎಲ್ಲರಿಗೂ ಅಡ್ಡಹೆಸರು ಇರಲೇಬೇಕು ಅಂತ. ಅಕ್ಷರಮಾಲೆ ಪ್ರಕಾರ ಹೆಸರುಗಳ ಒಂದು ದೊಡ್ಡ ಪಟ್ಟಿ ಅಚ್ಚಾಯಿತು. ಅದರ ಹಾಳೆಗಳನ್ನು ಊರೂರಿಗೆ ಹಂಚಿದರು. ಆರಿಸಿಕೋ ಅಂದರು, ಜನ ಆರಿಸಿಕೊಂಡರು. ಅದಕ್ಕೇ ಬಿಕೋಲ್ ಕಡೆ ಕೆಲವು ಊರುಗಳಲ್ಲಿ ಇಡೀ ಊರಿನ ಅಡ್ಡಹೆಸರು ಒಂದೇ ಅಕ್ಷರದಿಂದ ಶುರುವಾಗುತ್ತದೆ. ದೇಶದ ಹೆಸರೂ ಅಷ್ಟೇ, ಸ್ಪೇನಿನ ಎರಡನೇ ಫಿಲಿಪ್‌ನದ್ದು. ಆ ಮಹಾರಾಯ ಆ ಕಡೆ ತಲೆ ಹಾಕಿಯೂ ಮಲಗಿದವನಲ್ಲ.

1521ರಲ್ಲಿ ಮೆಗಲನ್ ಬಂದ, ಮಕ್ತಾನ್ ದ್ವೀಪದಲ್ಲಿ ಲಪುಲಪುವಿನ ಜನರ ಕೈಯಲ್ಲಿ ಸತ್ತ. 1565ರಲ್ಲಿ ಲೆಗಾಸ್ಪಿ ಬಂದು ಸೆಬುವಿನಲ್ಲಿ ಬೀಡುಬಿಟ್ಟ. 1571ರಲ್ಲಿ ಮನಿಲಾ ಕೈಗೆ ಬಂತು. ಅಲ್ಲಿಂದ 1898ರವರೆಗೆ ಸ್ಪೇನು. ಊರಲ್ಲಿ ಸರ್ಕಾರ ಅಂದರೆ ಬಹುಪಾಲು ಚರ್ಚಿನ ಪಾದ್ರಿಯೇ.

ಆದರೆ ಅದಕ್ಕಿಂತ ಮುಂಚಿನದ್ದು ನನಗೆ ಹೆಚ್ಚು ಇಷ್ಟ. ಮನಿಲಾದ ಹತ್ತಿರ ಲಗೂನಾ ಅನ್ನುವ ಕಡೆ 1980ರ ದಶಕದ ಕೊನೆಯಲ್ಲಿ ನದಿಯಿಂದ ಮರಳು ತೆಗೆಯುವಾಗ ಒಂದು ತಾಮ್ರದ ತಗಡು ಸಿಕ್ಕಿತು. ಅದರ ಮೊದಲ ಸಾಲು ಕೇಳಿ: ಸ್ವಸ್ತಿ, ಶಕ ವರ್ಷ 822, ವೈಶಾಖ ಮಾಸ, ಕೃಷ್ಣಪಕ್ಷ ಚತುರ್ಥಿ, ಸೋಮವಾರ. ಅಂದರೆ ಕ್ರಿ.ಶ. 900. ನಾನು ಮೂವತ್ತು ವರ್ಷ ಬೇಲೂರು ಹಳೇಬೀಡಿನ ಶಾಸನ ತೋರಿಸುತ್ತಾ ಮಕ್ಕಳನ್ನು ಸುತ್ತಾಡಿಸಿದವನು, ಇದನ್ನು ಮೊದಲ ಸಲ ಓದಿದಾಗ ಯಾರೋ ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಭಾಷೆ ಹಳೆಯ ಮಲಯ, ಮಧ್ಯೆ ಮಧ್ಯೆ ಸಂಸ್ಕೃತ. ನಾಯಕ, ಸೇನಾಪತಿ, ಜಯದೇವ ಎಲ್ಲ ಬರುತ್ತಾರೆ. ವಿಷಯ ಏನು? ನಮ್ವರನ್ ಅನ್ನುವವನ ಮನೆಯವರ ಸಾಲ, ಒಂದು ಕಾಟಿ ಎಂಟು ಸುವರ್ಣ (ಎರಡೂ ಚಿನ್ನದ ತೂಕದ ಅಳತೆ), ತೀರಿತು ಅಂತ ಬರೆದುಕೊಟ್ಟ ಪತ್ರ. ಆ ಪತ್ರಕ್ಕೆ ಅವರು ಇಟ್ಟ ಹೆಸರೇ ಶುದ್ಧಪತ್ರ! ನಮ್ಮ ಹಲ್ಮಿಡಿ ಕಲ್ಲು ಊರು ದಾನ ಕೊಟ್ಟದ್ದನ್ನು ಹೇಳುತ್ತದೆ, ಅವರ ತಾಮ್ರ ಸಾಲ ತೀರಿದ್ದನ್ನು ಹೇಳುತ್ತದೆ. ಆ ಪತ್ರ ಕೊಟ್ಟದ್ದು ತುಂಡುನ್‌ನ ಅಧಿಕಾರಿ. ಅದು ಇವತ್ತಿನ ಮನಿಲಾದ ತೋಂದೋ, ದಟ್ಟ ಬಡವರ ಬಡಾವಣೆ.

ಅವರ ತಗಾಲೋಗ್ ಭಾಷೆಯಲ್ಲಿ ಮುಖ ಅಂದರೆ ಮುಖವೇ. ರುಚಿಗೆ ಲಾಸಾ, ಅದು ನಮ್ಮ ರಸ. ಮೇಷ್ಟ್ರು ಅಂದರೆ ಗುರೋ. ಗ್ರಹಣಕ್ಕೆ ಲಾಹೋ, ರಾಹು. ದುಃಖ ಅನ್ನುವುದು ಅಲ್ಲಿ ಬಡವ ಅಂತ ಅರ್ಥ ಬದಲಿಸಿಕೊಂಡು ಕೂತಿದೆ. ಯಾಕೆ ಅಂತ ನಾನು ಬೇರೆ ಹೇಳಬೇಕಾಗಿಲ್ಲ.

ಇನ್ನೊಂದು ಮಾತು. 1762ರಲ್ಲಿ ಇಂಗ್ಲಿಷರು ಮನಿಲಾ ಹಿಡಿದು ಎರಡು ವರ್ಷ ಇಟ್ಟುಕೊಂಡಿದ್ದರು. ಹೋದ ಪಡೆ ಮದ್ರಾಸಿನದ್ದು. ವಾಪಸ್ ಬರುವಾಗ ಕೆಲವು ಸಿಪಾಯಿಗಳು ಅಲ್ಲೇ ತಪ್ಪಿಸಿಕೊಂಡು ಕೈಂತಾ ಅನ್ನುವ ಊರಲ್ಲಿ ಮದುವೆಯಾಗಿ ನಿಂತರು. ಅವರ ಸಂತತಿ ಈಗಲೂ ಇದೆ. ಮಾರ್ಕೋಸ್ ವಿಷಯ ಬೇರೆಯವರು ಹೇಳಲಿ, ನನಗೆ ರಾಜಕೀಯ ಬೇಡ.


ಮಲ್ನಾಡ್ ಮಂಜು:

ಮೇಷ್ಟ್ರೇ ಸೂಪರ್. ಆದರೆ ಇದೆಲ್ಲ ನಮಗೆ ಯಾಕೆ? ರೊಬಸ್ಟಾ ಚೆರ್ರಿ ಇವತ್ತು ಎಷ್ಟು, ಯಾರಾದರೂ ಹೇಳಿ.


ಮೂಡಿಗೆರೆ ಕಾಫಿ:

ಮಂಜು, ರೇಟಿಗೆ ಬೇರೆ ಕಡೆ ಬಾ ಮಾರಾಯ. ಆದರೂ ಕಾಫಿಯವನಾಗಿ ನಿನಗೊಂದು ವಿಷಯ ಹೇಳುತ್ತೇನೆ. ಬತಾಂಗಸ್ ಪ್ರಾಂತ್ಯದ ಲಿಪಾ ಊರು 1880ರ ದಶಕದಲ್ಲಿ ಕಾಫಿಯಿಂದ ಕುಣಿದಾಡುತ್ತಿತ್ತು. 1889ರ ಹೊತ್ತಿಗೆ ಎಲೆ ತುಕ್ಕು ರೋಗ ಬಂತು, ಎರಡು ಮೂರು ವರ್ಷದಲ್ಲಿ ತೋಟ ಬೋಳು. ಬಾಬಾಬುಡನ್‌ಗಿರಿ ಸುತ್ತಮುತ್ತ ಇರುವ ನಮಗೆ ಆ ರೋಗದ ಹೆಸರು ಹೇಳಿದರೇ ಎದೆ ಝಲ್ ಅನ್ನುತ್ತದೆ, ಅಲ್ವಾ? ಈಗ ಅಲ್ಲಿ ಬರಾಕೋ ಅಂತ ಲೈಬೀರಿಕಾ ಕಾಫಿ ಸ್ವಲ್ಪ ಉಳಿದಿದೆ. ಬಹಳ ಜನ ಕುಡಿಯುವುದು ಸ್ಯಾಶೆ ಪುಡಿ.

ಈಗ ಪ್ರಶ್ನೆಗೆ ಬರುತ್ತೇನೆ. ನಿಮ್ಮ ಬೋಸನ್ ಹೇಳಿದ ಒಂದು ಮಾತಿನಲ್ಲಿ ಉತ್ತರ ಇದೆ, ಉಳಿದವರ ಜಗಳ ಬಿಡಿ. ಆ ದೇಶದಲ್ಲಿ ಸರ್ಕಾರ ಬದಲಾಯಿತು, ದೊರೆ ಬದಲಾದ, ಜಮೀನು ಮಾತ್ರ ಕೈ ಬದಲಾಗಲಿಲ್ಲ.

ಸ್ಪೇನ್ ಕಾಲದಲ್ಲಿ ಮನಿಲಾ ಸುತ್ತಲಿನ ಒಳ್ಳೊಳ್ಳೆ ಗದ್ದೆಗಳು ಪಾದ್ರಿಗಳ ಮಠಗಳ ಕೈಯಲ್ಲಿದ್ದವು. ಗೇಣಿ ಜಗಳ ಅಲ್ಲಿಂದಲೇ ಶುರು. ಅಲ್ಲಿ ರಾಷ್ಟ್ರಪಿತನ ಹಾಗೆ ನೋಡುವ ಹೋಸೆ ರಿಸಾಲ್ ಕಣ್ಣಿನ ಡಾಕ್ಟರ್, ಕಾದಂಬರಿ ಬರೆದವನು. ಅವನ ಮನೆಯವರೂ ಮಠದ ಜಮೀನಿನ ಗೇಣಿದಾರರು, ಆ ತಕರಾರಿನಲ್ಲಿ ಒಕ್ಕಲೆಬ್ಬಿಸಿಕೊಂಡವರು. 1896ರ ಡಿಸೆಂಬರ್ 30ರಂದು ಸ್ಪೇನಿನವರು ಅವನನ್ನು ಗುಂಡಿಟ್ಟು ಕೊಂದರು. ಅದಕ್ಕೆ ಮುಂಚೆಯೇ, 1892ರಲ್ಲಿ, ಆಂದ್ರೆಸ್ ಬೊನಿಫಾಸಿಯೋ ಕತಿಪುನಾನ್ ಅನ್ನುವ ಗುಪ್ತ ಸಂಘ ಕಟ್ಟಿದ್ದ. ಅವನು ಗೋದಾಮಿನ ಕೆಲಸಗಾರ, ಮೇಷ್ಟ್ರು ಹೇಳಿದ ಅದೇ ತೋಂದೋದಲ್ಲಿ ಹುಟ್ಟಿದವನು. 1897ರಲ್ಲಿ ಅವನನ್ನು ಕೊಂದವರು ಸ್ಪೇನಿನವರಲ್ಲ, ಅವನದೇ ಕ್ರಾಂತಿಯ ಇನ್ನೊಂದು ಬಣ. ಆ ಬಣದ ನಾಯಕ ಆಗಿನಾಲ್ಡೋ, ಊರಿನ ಸ್ಥಿತಿವಂತರ ಮನೆಯವನು. 1898ರ ಜೂನ್ 12ರಂದು ಸ್ವಾತಂತ್ರ್ಯ ಘೋಷಿಸಿದವನೂ ಅವನೇ. ಬಡವ ಶುರು ಮಾಡಿದ್ದನ್ನು ಉಳ್ಳವರು ಮುಗಿಸಿದರು ಅಂತ ನಾನು ಓದಿಕೊಂಡದ್ದು, ಮೇಷ್ಟ್ರಿಗೆ ಬೇರೆ ಅನಿಸಿದರೆ ಬೈಯಲಿ.

ಘೋಷಿಸಿ ಏನು ಬಂತು, ಆರು ತಿಂಗಳಿಗೆ ಸ್ಪೇನ್ ಇಡೀ ದೇಶವನ್ನು 2 ಕೋಟಿ ಡಾಲರಿಗೆ ಅಮೆರಿಕಕ್ಕೆ ಬರೆದುಕೊಟ್ಟಿತು. 1899ರಿಂದ ಅಮೆರಿಕದ ಮೇಲೆ ಯುದ್ಧ. ಸೋತರು. 1901ರಲ್ಲಿ ಥಾಮಸ್ ಅನ್ನುವ ಹಡಗಿನಲ್ಲಿ ಸುಮಾರು 500 ಜನ ಅಮೆರಿಕನ್ ಮೇಷ್ಟ್ರುಗಳು ಬಂದಿಳಿದರು, ನಿಮ್ಮ ಗೆಳೆಯರ ಇಂಗ್ಲಿಷಿನ ಬೇರು ಅದು. ಅಮೆರಿಕದವರು ಮಠಗಳ ಜಮೀನನ್ನು 70 ಲಕ್ಷ ಡಾಲರಿಗೂ ಹೆಚ್ಚು ಕೊಟ್ಟು ಕೊಂಡರು, ಒಕ್ಕಲಿಗೆ ಹಂಚುವ ಮಾತಾಡಿದರು. ಕೊಳ್ಳಲು ದುಡ್ಡಿದ್ದವರ ಪಾಲಿಗೇ ಬಹಳ ಭಾಗ ಹೋಯಿತು. 1907ರಲ್ಲಿ ಮೊದಲ ಶಾಸನಸಭೆ ಬಂತು. ವೋಟು ಯಾರಿಗೆ? ಆಸ್ತಿ ಇರುವ, ಓದಿದ, ಅಥವಾ ಹಿಂದೆ ಅಧಿಕಾರದಲ್ಲಿದ್ದ ಗಂಡಸರಿಗೆ ಮಾತ್ರ. ಜಮೀನ್ದಾರ ಮನೆಯವರೇ ಗೆದ್ದರು, ಅವರ ಮಕ್ಕಳು ಗೆದ್ದರು, ಮೊಮ್ಮಕ್ಕಳು ಈಗ ಗೆಲ್ಲುತ್ತಿದ್ದಾರೆ. 1987ರ ಸಂವಿಧಾನದಲ್ಲಿ ವಂಶಪಾರಂಪರ್ಯ ರಾಜಕಾರಣ ನಿಷೇಧ ಅಂತ ಬರೆದಿದೆ, ಆದರೆ ಅದರ ಅರ್ಥವನ್ನು ಮುಂದೆ ಕಾನೂನು ಮಾಡಿ ಹೇಳುತ್ತೇವೆ ಅಂತ ಸೇರಿಸಿದ್ದಾರೆ. ಆ ಕಾನೂನು ಬರಲೇ ಇಲ್ಲ. ಕಾನೂನು ಮಾಡಬೇಕಾದವರು ಯಾರು ಹೇಳಿ? ಹಾಸನ ಜಿಲ್ಲೆಯವರಿಗೆ ಇದನ್ನು ವಿವರಿಸುವುದಕ್ಕೆ ನಾನು ಹೋಗುವುದಿಲ್ಲ.

ಮಾರ್ಕೋಸನನ್ನು ಓಡಿಸಿದ ಮೇಲೆ ಬಂದ ಕೊರಾಸೋನ್ ಅಕಿನೋ ಒಳ್ಳೆ ಹೆಂಗಸು, ಗಂಡನನ್ನು 1983ರಲ್ಲಿ ಮನಿಲಾ ಏರ್‌ಪೋರ್ಟಿನಲ್ಲೇ ಕೊಂದಿದ್ದರು. ಆದರೆ ಆಕೆ ಹುಟ್ಟಿದ್ದು ಕೊಹುವಾಂಕೋ ಮನೆತನದಲ್ಲಿ. ತಾರ್ಲಾಕಿನ ಲುಯಿಸಿತಾ ಅನ್ನುವ ಆ ಮನೆಯ ಕಬ್ಬಿನ ಎಸ್ಟೇಟ್ 6 ಸಾವಿರ ಹೆಕ್ಟೇರಿಗೂ ದೊಡ್ಡದು. 1987ರ ಜನವರಿ 22ರಂದು ಭೂಮಿ ಕೇಳಿಕೊಂಡು ಅಧ್ಯಕ್ಷರ ಅರಮನೆ ಹತ್ತಿರದ ಮೆಂದಿಯೋಲಾಕ್ಕೆ ಬಂದ ರೈತರ ಮೇಲೆ ಗುಂಡು ಹಾರಿತು. 13 ಜನ ಸತ್ತರು. ಮಾರ್ಕೋಸ್ ಹೋಗಿ ಒಂದು ವರ್ಷವೂ ಆಗಿರಲಿಲ್ಲ. 1988ರಲ್ಲಿ ಭೂಸುಧಾರಣೆ ಕಾಯ್ದೆ ಬಂತು, ಅದರಲ್ಲಿ ಒಂದು ಕಿಂಡಿ: ಜಮೀನಿನ ಬದಲು ಕಂಪನಿಯ ಷೇರು ಕೊಟ್ಟರೂ ಸಾಕು. ಲುಯಿಸಿತಾ ಆ ಕಿಂಡಿಯಲ್ಲೇ ನುಸುಳಿತು. ಭೂಮಿ ಹಂಚಿ ಅಂತ ಸುಪ್ರೀಂ ಕೋರ್ಟಿನ ಅಂತಿಮ ತೀರ್ಪು ಬರಲು 2012 ಆಯಿತು.

ನಮ್ಮಲ್ಲಿ ಭೂಸುಧಾರಣೆ ಕಾಯ್ದೆಗೆ 1974ರ ತಿದ್ದುಪಡಿ ಬಂದಾಗ ನಮ್ಮ ತಾತ ಗೇಣಿ ಗದ್ದೆಗೆ ಫಾರಂ 7, ಅಂದರೆ ಉಳುವ ಗದ್ದೆ ತಮಗೇ ಬರಲಿ ಅನ್ನುವ ಗೇಣಿದಾರರ ಅರ್ಜಿ, ಹಾಕಿದ್ದರು. ಡಿಕ್ಲರೇಷನ್ ಹಾಕಿದ್ದಕ್ಕೆ ಒಡೆಯರ ಮನೆಯಲ್ಲಿ ನೀರು ಕೊಡುವುದನ್ನೂ ನಿಲ್ಲಿಸಿದ್ದರಂತೆ. ಆದರೆ ಎರಡು ಎಕರೆ ಬಂತು, ನಮ್ಮಪ್ಪ ಓದಿದರು. ತೋಟಗಳನ್ನು ಆ ಕಾಯ್ದೆ ಮುಟ್ಟಲಿಲ್ಲ, ಅದನ್ನೂ ಒಪ್ಪಿಕೊಳ್ಳಬೇಕು, ನಾನು ಈಗ ತೋಟದವನು. ನೆಗ್ರೋಸಿನಲ್ಲಿ ಎರಡು ಎಕರೆಯ ಆ ತಾತ ಹುಟ್ಟಲೇ ಇಲ್ಲ. ಅಲ್ಲಿ ಕಬ್ಬು ಕಡಿದ ಮೇಲೆ ಮುಂದಿನ ಕೆಲಸದವರೆಗಿನ ತಿಂಗಳುಗಳಿಗೆ ಸ್ಪ್ಯಾನಿಷ್‌ನಲ್ಲಿ ಸತ್ತ ಕಾಲ ಅಂತಲೇ ಹೆಸರು. 1980ರ ದಶಕದಲ್ಲಿ ಸಕ್ಕರೆ ಬೆಲೆ ಬಿದ್ದಾಗ ಮಕ್ಕಳು ಹಸಿವಿನಿಂದ ಸತ್ತ ಜಾಗ ಅದು.


ಚಿಕ್ಕಮಗಳೂರು ಅಜ್ಜ:

ಮೂಡಿಗೆರೆಯವರು ಎಲ್ಲವನ್ನೂ ಜಮೀನಿಗೆ ಕಟ್ಟಿದರು. ಸರಿ, ಆದರೆ ಪೂರ್ತಿ ಅಲ್ಲ. ವೋಟು ಹಾಕುವವನ ತಲೆಯಲ್ಲಿ ಏನಿರುತ್ತದೆ ಅನ್ನುವುದು ನಮ್ಮೂರಿನವರಿಗೆ ಗೊತ್ತಿರಬೇಕು. 1978 ಮರೆತಿರಾ?

ಆಗ ನನಗೆ 24 ವರ್ಷ. ತುರ್ತು ಪರಿಸ್ಥಿತಿ ಮುಗಿದು ಒಂದೂವರೆ ವರ್ಷ. ಉತ್ತರದಲ್ಲಿ ಇಂದಿರಾ ಗಾಂಧಿ ಸೋತು ಮೂಲೆ ಸೇರಿದ್ದರು. ಡಿ.ಬಿ. ಚಂದ್ರೇಗೌಡರು ಸೀಟು ಬಿಟ್ಟುಕೊಟ್ಟರು, ಆಕೆ ಇಲ್ಲಿ ನಿಂತರು. ದೇಶದ ಪೇಪರಿನವರೆಲ್ಲ ನಮ್ಮ ಐ.ಜಿ. ರೋಡಿನಲ್ಲಿ ತಿಂಡಿಗೆ ಕ್ಯೂ. ಏಕ್ ಶೇರ್ನಿ ಸೌ ಲಂಗೂರ್, ಚಿಕ್ಕಮಗಳೂರ್ ಚಿಕ್ಕಮಗಳೂರ್ ಅಂತ ಹಿಂದಿ ಬಾರದವರೂ ಕೂಗುತ್ತಿದ್ದರು. ವೀರೇಂದ್ರ ಪಾಟೀಲರು 70 ಸಾವಿರಕ್ಕಿಂತ ಜಾಸ್ತಿ ಅಂತರದಲ್ಲಿ ಸೋತರು. ನಾನೂ ಆಕೆಗೇ ಹಾಕಿದೆ. ಜೈಲಿಗೆ ಹಾಕಿದ್ದು, ಪೇಪರ್ ಬಾಯಿ ಮುಚ್ಚಿಸಿದ್ದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಅದು ದೂರದ ಸುದ್ದಿ. ಹತ್ತಿರದ ಸುದ್ದಿ ಅಂದರೆ ದೇವರಾಜ ಅರಸು ಕಾಲದಲ್ಲಿ ಪಕ್ಕದ ಮನೆಯವನಿಗೆ ಬಂದ ಗದ್ದೆ. ಹಾಗಾಗಿ ಇಲೋಕೋಸಿನ ಆಯಿಲರ್ ಮೇಲೆ ನನಗೆ ಕೋಪ ಬರುವುದಿಲ್ಲ. ಮಾರ್ಕೋಸ್ ಅವರ ಊರಿನ ಹುಡುಗ, ರಸ್ತೆ ಸೇತುವೆ ಕಣ್ಣಿಗೆ ಕಾಣುತ್ತವೆ, ಹೂತ ಹೆಣ ಕಾಣುವುದಿಲ್ಲ.

ಹಾಗಂತ ಎರಡೂ ಒಂದೇ ಅಂತ ಹೇಳಬೇಡಿ. ನಮ್ಮದು 21 ತಿಂಗಳು. ಅವರದ್ದು 1972ರ ಸೆಪ್ಟೆಂಬರಿನಲ್ಲಿ ಮಾರ್ಷಲ್ ಲಾ ಬಂದದ್ದು, 1981ರಲ್ಲಿ ಕಾಗದದ ಮೇಲೆ ತೆಗೆದರೂ ಮನುಷ್ಯ ಇಳಿದದ್ದು 1986ಕ್ಕೆ. ಪರಿಹಾರ ಕೊಡಲು ಸರ್ಕಾರವೇ ಆಮೇಲೆ ಗುರುತಿಸಿದ ಸಂತ್ರಸ್ತರು 11,103 ಜನ. ಕದ್ದ ದುಡ್ಡು ಸಾವಿರ ಕೋಟಿಗಳ ಲೆಕ್ಕ. ಕೊನೆಯ ವರ್ಷಗಳಲ್ಲಿ ದೇಶ ಸಾಲದಲ್ಲಿ ಮುಳುಗಿ ಆರ್ಥಿಕತೆ ಕುಸಿದೇ ಹೋಗಿತ್ತು. ಇನ್ನೊಂದು ಕೇಳಿ. ಆಯಿಲರ್ "ನೀವು ಓಡಿಸಿದ ಮೇಲೆ ಹಡಗು ಹತ್ತಿದೆವು" ಅಂದನಲ್ಲ, ಅದು ತಿರುಗುಮುರುಗು. ಜನರನ್ನು ವಿದೇಶಕ್ಕೆ ಕೆಲಸಕ್ಕೆ ಕಳಿಸುವುದನ್ನು ಸರ್ಕಾರದ ಪಾಲಿಸಿ ಮಾಡಿದ್ದೇ ಮಾರ್ಕೋಸ್, 1974ರ ಕಾರ್ಮಿಕ ಸಂಹಿತೆಯಲ್ಲಿ. ಅವನಿಗೆ ಇದನ್ನು ಹೇಳಿ, ಆದರೆ ಊಟದ ಹೊತ್ತಲ್ಲಿ ಬೇಡ.

ಇನ್ನು ಯಾಕೆ ವಾಪಸ್ ಬಂದರು ಅಂದರೆ, ಅವರು ಪೂರ್ತಿ ಹೋಗಿಯೇ ಇರಲಿಲ್ಲ. ಮಾರ್ಕೋಸ್ 1989ರಲ್ಲಿ ಹವಾಯಿಯಲ್ಲಿ ಸತ್ತ. ಚಪ್ಪಲಿ ಬೂಟುಗಳ ರಾಶಿಗೆ ಹೆಸರಾದ ಹೆಂಡತಿ ಇಮೆಲ್ಡಾ 1991ಕ್ಕೇ ದೇಶಕ್ಕೆ ಬಂದಾಗಿತ್ತು. ಮಗ 1992ರಲ್ಲಿ ಸಂಸದ, ಆಮೇಲೆ ಗವರ್ನರ್, ಆಮೇಲೆ ಸೆನೆಟರ್. 2016ರಲ್ಲಿ ಉಪಾಧ್ಯಕ್ಷ ಸ್ಥಾನ ಸ್ವಲ್ಪದರಲ್ಲಿ ತಪ್ಪಿತು. ಅದೇ ವರ್ಷ ಅಪ್ಪನ ಹೆಣವನ್ನು ವೀರರ ಸ್ಮಶಾನದಲ್ಲಿ ಹೂಳಿಸಿದರು. 1986 ನೋಡಿದ ತಲೆಮಾರು ಮುದಿಯಾಗುವವರೆಗೆ ಕಾದರು ಅಷ್ಟೇ. ಹೊಸ ಹುಡುಗರಿಗೆ ಮೊಬೈಲಿನಲ್ಲಿ ಆ ಕಾಲ ಚಿನ್ನದ ಕಾಲ ಅಂತ ವಿಡಿಯೋ ಮೇಲೆ ವಿಡಿಯೋ. 2022ರಲ್ಲಿ 3 ಕೋಟಿ 10 ಲಕ್ಷಕ್ಕೂ ಹೆಚ್ಚು ವೋಟು ಬಿತ್ತು.


ದಾವಾವೊ ರಿಟರ್ನ್, ಹಾಸನ:

ನಾನು ದಾವಾವೊದಲ್ಲಿ ಎಂಬಿಬಿಎಸ್ ಓದಿದವಳು. ಏಜೆಂಟ್ ಒಬ್ಬ ಹಾಸ್ಟೆಲಿನಲ್ಲಿ ಸೌತ್ ಇಂಡಿಯನ್ ಊಟ ಅಂತ ದುಡ್ಡು ಕಿತ್ತಿದ್ದ, ಹೋಗಿ ನೋಡಿದರೆ ದಿನಾ ಬೇಳೆ ನೀರು. ಅದು ಬಿಡಿ.

ನೀವೆಲ್ಲ ಮನಿಲಾದಿಂದ ಕತೆ ಹೇಳುತ್ತಿದ್ದೀರಿ. ದಕ್ಷಿಣದ ಮಿಂದನಾವೊ ದ್ವೀಪದಲ್ಲಿ ನಿಂತರೆ ಚಿತ್ರ ಬೇರೆ. ಅಲ್ಲಿ ತಗಾಲೋಗ್ ಮಾತಾಡಿದರೆ ಅಂಗಡಿಯವಳು ನಗುತ್ತಾಳೆ, ಬಿಸಾಯಾ ಬೇಕು, ಅಂದರೆ ಸೆಬುವಾನೋ ಭಾಷೆ. 1937ರಲ್ಲಿ ತಗಾಲೋಗನ್ನೇ ರಾಷ್ಟ್ರಭಾಷೆಗೆ ಅಡಿಪಾಯ ಮಾಡಿದರು. ಆಗಿನ ಅಧ್ಯಕ್ಷ ಕೆಸೋನ್ ಕೂಡ ತಗಾಲೋಗ್ ನಾಡಿನವನೇ. ಸೆಬುವಾನೋ ಮಾತಾಡುವವರು ಏನೂ ಕಡಿಮೆ ಇರಲಿಲ್ಲ. ಆಮೇಲೆ ಹೆಸರು ಪಿಲಿಪಿನೋ ಆಯಿತು, 1987ಕ್ಕೆ ಫಿಲಿಪಿನೋ ಆಯಿತು, ಒಳಗೆ ಸರಕು ಅದೇ. ಬ್ಯಾಂಕಿನಲ್ಲಿ ಹಿಂದಿ ಕೇಳಿ ಸಿಡುಕುವ ಕನ್ನಡಿಗರಿಗೆ ನನ್ನ ರೂಮ್‌ಮೇಟಿನ ಸಿಟ್ಟು ಥಟ್ಟನೆ ಅರ್ಥವಾಗುತ್ತದೆ. ಒಟ್ಟು 170ಕ್ಕೂ ಹೆಚ್ಚು ಭಾಷೆ ಇರುವ ದೇಶ ಅದು.

ನಿಮ್ಮ ಜೋಲೋ ಫಿಟ್ಟರ್ ಬಹುಶಃ ತೌಸುಗ್ ಸಮುದಾಯದವನು. ಅವರದ್ದು ಸುಲು ಸುಲ್ತಾನರ ನಾಡು, ಸ್ಪೇನ್ ಬರುವ ಮುಂಚೆಯೇ ಇದ್ದದ್ದು, ಸ್ಪೇನಿಗೆ ಕೊನೆವರೆಗೂ ಸರಿಯಾಗಿ ಬಗ್ಗದಿದ್ದದ್ದು. ಮುಸ್ಲಿಮರೆಲ್ಲರಿಗೂ ಮೋರೋ ಅಂತ ಹೆಸರಿಟ್ಟವರು ಸ್ಪೇನಿನವರು, ಒಂದು ಕಾಲಕ್ಕೆ ಬೈಗುಳ, ಈಗ ಅವರೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಮೂಡಿಗೆರೆಯವರ ಜಮೀನಿನ ಕತೆಗೆ ಒಂದು ಬಾಲ ಇಲ್ಲಿದೆ ನೋಡಿ. ಉತ್ತರದಲ್ಲಿ ಜಮೀನು ಹಂಚುವ ಬದಲು ಸರ್ಕಾರಗಳು ಏನು ಮಾಡಿದವು ಅಂದರೆ, ಭೂಮಿ ಇಲ್ಲದ ಕ್ರೈಸ್ತ ರೈತರನ್ನು ಮಿಂದನಾವೊಗೆ ತಂದು ಕೂರಿಸಿದವು. ಖಾಲಿ ಜಾಗ ಅಂದರು. ಖಾಲಿ ಎಲ್ಲಿತ್ತು? ಮೋರೋಗಳೂ, ಲುಮಾದ್ ಅಂತ ಕರೆಯುವ ಆದಿವಾಸಿಗಳೂ ಇದ್ದರು. ಕಾಗದ ಇರಲಿಲ್ಲ ಅಷ್ಟೇ. ಎರಡು ತಲೆಮಾರಿನಲ್ಲಿ ಅವರೇ ತಮ್ಮ ನೆಲದಲ್ಲಿ ಅಲ್ಪಸಂಖ್ಯಾತರಾದರು. 1968ರಲ್ಲಿ ಕೊರೆಹಿದೋರ್ ದ್ವೀಪದಲ್ಲಿ ಸೈನ್ಯ ತರಬೇತಿಗೆ ಕರೆದೊಯ್ದ ಮುಸ್ಲಿಂ ಹುಡುಗರನ್ನು ಕೊಂದ ಸುದ್ದಿ ಬಂದ ಮೇಲೆ ಕಿಡಿ ಹೊತ್ತಿತು. ಮೋರೋ ನಾಯಕ ನೂರ್ ಮಿಸುವಾರಿಯ ಸಂಘಟನೆ ಬಂದೂಕು ಹಿಡಿಯಿತು. 1976ರಲ್ಲಿ ಒಪ್ಪಂದ, 1996ರಲ್ಲಿ ಒಪ್ಪಂದ, 2014ರಲ್ಲಿ ಇನ್ನೊಂದು ಗುಂಪಿನ ಜೊತೆ ಒಪ್ಪಂದ. 2019ರಲ್ಲಿ ಬಂಗ್ಸಮೋರೋ ಅನ್ನುವ ಸ್ವಾಯತ್ತ ಪ್ರದೇಶ ಬಂತು. ಅದಕ್ಕೆ ಎರಡು ವರ್ಷ ಮುಂಚೆ ಮರಾವಿ ಊರಿನಲ್ಲಿ ಐದು ತಿಂಗಳು ಯುದ್ಧ ನಡೆದು ಪೇಟೆಯೇ ಪುಡಿಯಾಯಿತು. ಆ ಊರಿನ ಒಬ್ಬಳು ನನ್ನ ಜೊತೆ ಓದುತ್ತಿದ್ದಳು. ತನ್ನ ಮನೆಯ ಬೀಗದ ಕೈ ಪರ್ಸಿನಲ್ಲಿ ಇಟ್ಟುಕೊಂಡಿದ್ದಳು, ಬೀಗ ಇದ್ದ ಬಾಗಿಲಾಗಲಿ ಗೋಡೆಯಾಗಲಿ ಇರಲಿಲ್ಲ. ಅವಳೇ ಹೇಳಿದ್ದು, ಅವರ ಮರನಾವೋ ಜನರಲ್ಲಿ ಮಹಾರಾಜ ಲವಾನನ ಕತೆ ಇದೆ ಅಂತ. ಎಂಟು ತಲೆ. ಯಾರು ಅಂತ ಗೊತ್ತಾಯಿತಲ್ಲ?

ದಾವಾವೊದವರಿಗೆ ದುತೆರ್ತೆ ದೇವರು. ಅಲ್ಲಿ ಮೇಯರ್ ಆಗಿದ್ದು 2016ರಿಂದ 2022ರವರೆಗೆ ದೇಶದ ಅಧ್ಯಕ್ಷರಾಗಿದ್ದವರು. ಅವರ ಕಾಲದಲ್ಲಿ ಮಾದಕ ವಸ್ತುವಿನ ಹೆಸರಲ್ಲಿ ಪೊಲೀಸರು ಕೊಂದವರು ಸರ್ಕಾರದ ಲೆಕ್ಕದಲ್ಲೇ 6 ಸಾವಿರಕ್ಕೂ ಹೆಚ್ಚು. 2025ರ ಮಾರ್ಚಿನಲ್ಲಿ ಅವರನ್ನು ಹಿಡಿದು ಹೇಗ್‌ನ ಅಂತರರಾಷ್ಟ್ರೀಯ ಅಪರಾಧ ಕೋರ್ಟಿಗೆ ಕಳಿಸಿದರು. ನಮ್ಮ ಹಾಸ್ಟೆಲಿನ ಅಡುಗೆಯಾಕೆ ಅತ್ತಳಂತೆ. ಯಾಕೆ ಅಂದರೆ ಅವಳ ಗಂಡನ ಆಸ್ಪತ್ರೆ ಬಿಲ್ಲಿಗೆ ಅವರ ಆಫೀಸಿನಿಂದ ದುಡ್ಡು ಸಿಕ್ಕಿತ್ತು. ಅಜ್ಜ ಹೇಳಿದ ಮಾತಿಗೆ ಅಲ್ಲಿ ಒಂದು ಪದವೇ ಇದೆ, ಉತಾಂಗ್ ನಾ ಲೊಓಬ್. ಒಳಗಿನ ಸಾಲ. ನಾವು ಋಣ ಅನ್ನುತ್ತೇವಲ್ಲ, ಅದೇ. ತೀರಿಸಿ ಮುಗಿಸುವ ಸಾಲ ಅಲ್ಲ ಅದು.

ಇನ್ನೊಂದು, ಗೊರೂರು ಕಡೆಯವರು ಇದ್ದರೆ ಕೇಳಿ. ಉತ್ತರದ ಕಾರ್ದಿಯೇರಾ ಬೆಟ್ಟಗಳಲ್ಲಿ ಕಲಿಂಗ ಅನ್ನುವ ಜನ ಇದ್ದಾರೆ. ಹೆಸರು ನೋಡಿ ಒಡಿಶಾ ಅಂದುಕೊಳ್ಳಬೇಡಿ, ಸಂಬಂಧ ಇಲ್ಲ. ಮಾರ್ಕೋಸ್ ಕಾಲದಲ್ಲಿ ಚಿಕೋ ನದಿಗೆ ನಾಲ್ಕು ಅಣೆಕಟ್ಟು ಕಟ್ಟಲು ಹೊರಟರು. ಮಕ್ಲಿಇಂಗ್ ದುಲಾಗ್ ಅನ್ನುವ ಊರ ಹಿರಿಯ ಒಪ್ಪಲಿಲ್ಲ. ಜಗಳವಾಡುತ್ತಿದ್ದ ಊರುಗಳನ್ನೆಲ್ಲ ಒಟ್ಟು ಮಾಡಿದ. 1980ರ ಏಪ್ರಿಲ್ 24ರಂದು ಸೈನಿಕರು ಅವನ ಮನೆಗೇ ಹೋಗಿ ಗುಂಡು ಹೊಡೆದರು. ಆದರೆ ಆ ಅಣೆಕಟ್ಟುಗಳು ಏಳಲಿಲ್ಲ. ನಮ್ಮ ಅಜ್ಜಿಯ ತವರು ಹೇಮಾವತಿ ಹಿನ್ನೀರಿನಲ್ಲಿದೆ. ಶೆಟ್ಟಿಹಳ್ಳಿ ಚರ್ಚು ಮಳೆಗಾಲದಲ್ಲಿ ಮುಳುಗುವುದನ್ನು ಜನ ಫೋಟೋ ತೆಗೆಯಲು ಹೋಗುತ್ತಾರೆ, ಅಜ್ಜಿ ಆ ಕಡೆ ತಿರುಗುವುದಿಲ್ಲ.


ಬೇಲೂರು ಮೇಷ್ಟ್ರು:

ಡಾಕ್ಟರಮ್ಮ, ಒಂದು ಸೇರಿಸುತ್ತೇನೆ. ಉತಾಂಗ್ ಅಂದಿರಲ್ಲ, ಆ ತಾಮ್ರದ ತಗಡಿನಲ್ಲೂ ಸಾಲಕ್ಕೆ ಇರುವ ಪದ ಹುತಾಂಗ್. 1,100 ವರ್ಷ ಆಯಿತು, ಪದ ಸವೆದಿಲ್ಲ. ಮೂಡಿಗೆರೆಯವರೇ, ಬೊನಿಫಾಸಿಯೋ ವಿಷಯದಲ್ಲಿ ಬೈಯುವುದಿಲ್ಲ. ಆದರೆ ಅವನು ತೀರಾ ಕೂಲಿಯವನಲ್ಲ, ಓದುವ ಹುಚ್ಚಿದ್ದ ಗುಮಾಸ್ತ ವರ್ಗದವನು. ಕತೆಗೆ ಬೇಕು ಅಂತ ಜಾಸ್ತಿ ಬಡವನನ್ನಾಗಿ ಮಾಡಬೇಡಿ.


ಮಲ್ನಾಡ್ ಮಂಜು:

ತಪ್ಪಾಯಿತು, ಎಲ್ಲ ಓದಿದೆ. ಎಂಟು ತಲೆ ಯಾಕೆ, ಇನ್ನೆರಡು ಎಲ್ಲಿ ಹೋದವು?


ಹಡಗಿನ ಹುಡುಗ, ಅರಕಲಗೂಡು:

ಎಲ್ಲರಿಗೂ ಥ್ಯಾಂಕ್ಸ್. ಇಷ್ಟು ಬರುತ್ತದೆ ಅಂದುಕೊಂಡಿರಲಿಲ್ಲ.

ನಿನ್ನೆ ರಾತ್ರಿ ಬೋಸನ್‌ಗೆ ವಾಟ್ಸಾಪ್ ಕಾಲ್ ಮಾಡಿದೆ, ಅವನೂ ರಜೆಯಲ್ಲಿ ಊರಲ್ಲಿದ್ದಾನೆ. ಕಾಯ್ದೆ ಬಂದ ಮೇಲೆ ನಿಮಗೇನೂ ಸಿಗಲಿಲ್ಲವಾ ಅಂತ ಕೇಳಿದೆ. ಸಿಕ್ಕಿತು ಅಂದ. ಅಮ್ಮನ ಹೆಸರಿಗೆ ಒಂದು ಹೆಕ್ಟೇರಿಗಿಂತ ಸ್ವಲ್ಪ ಕಡಿಮೆ, ಸರ್ಕಾರದ ಕಾಗದ, ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕಿದ್ದಾರೆ. ಆದರೆ ಗೊಬ್ಬರಕ್ಕೆ ದುಡ್ಡಿಲ್ಲ, ಲಾರಿ ಇಲ್ಲ, ಮಿಲ್ಲಿನಲ್ಲಿ ಗುರುತಿಲ್ಲ. ಹಾಗಾಗಿ ಜಮೀನನ್ನು ಹಳೆಯ ಒಡೆಯನಿಗೇ ಲೀಸಿಗೆ ಕೊಟ್ಟಿದ್ದಾರೆ, ಆರ್ಯೆಂದೋ ಅನ್ನುತ್ತಾರೆ ಅದಕ್ಕೆ. ಆಮೇಲೆ ಅಮ್ಮ ಅದೇ ಜಮೀನಿನಲ್ಲಿ ಕೂಲಿಗೆ ಕಬ್ಬು ಕಡಿದಳಂತೆ. ನಗುತ್ತಲೇ ಹೇಳಿದ.

ಮೂಡಿಗೆರೆಯವರ ತಾತನ ಫಾರಂ 7 ಕತೆ ಅವನಿಗೆ ಹೇಳಿದೆ. ಎರಡು ಎಕರೆಗೆ ಎತ್ತು ಎಲ್ಲಿಂದ ತಂದರು, ಬೀಜಕ್ಕೆ ಸಾಲ ಯಾರು ಕೊಟ್ಟರು ಅಂತ ಕೇಳಿದ. ನನಗೆ ಗೊತ್ತಿರಲಿಲ್ಲ. ಮೂಡಿಗೆರೆಯವರೇ, ಗೊತ್ತಿದ್ದರೆ ಹೇಳಿ, ನನಗೆ ಹಡಗು ಹತ್ತಲು ಇನ್ನು 11 ದಿನ ಇದೆ.


ಮೂಡಿಗೆರೆ ಕಾಫಿ:

ಎತ್ತು ಅಜ್ಜಿಯ ತವರಿನವರದ್ದು. ನಾಟಿ, ಕೊಯ್ಲು ಎಲ್ಲ ಮುಯ್ಯಾಳು, ಇವತ್ತು ನಮ್ಮ ಗದ್ದೆ, ನಾಳೆ ನಿಮ್ಮ ಗದ್ದೆ. ಬೀಜದ ಭತ್ತ ಸೊಸೈಟಿಯಲ್ಲಿ ಸಾಲ ಸಿಕ್ಕಿತ್ತು ಅಂತ ಅಪ್ಪ ಹೇಳುತ್ತಾರೆ. ಮೊದಲ ವರ್ಷ ಸೊಸೈಟಿಯವರೂ ಕೊಟ್ಟಿರಲಿಲ್ಲವಂತೆ, ಆಗ ಅಜ್ಜಿಯ ಕಿವಿಯೋಲೆ ಹೋಯಿತು. ನಿಮ್ಮ ಬೋಸನ್‌ಗೆ ಓಲೆ ವಿಷಯ ಮರೆಯದೆ ಹೇಳಿ.